ಖರ್ಚು ಯಾರ ಲೆಕ್ಕಕ್ಕೆ? ಯುರೋಪಿನ ಆರ್ಥಿಕ ಸುಧಾರಣೆ ಮತ್ತು ಹವಾಮಾನ ನೀತಿಯ ಚರ್ಚೆಯನ್ನು ಕೋಲಾರದಲ್ಲಿ ಕೂತು ಓದುವ ಬಗೆ

ಯುರೋಪಿನ ಹವಾಮಾನ ಚರ್ಚೆಯ ಸುದ್ದಿ ನಮ್ಮ ಪತ್ರಿಕೆಗಳಿಗೆ ಬಂದು ಮುಟ್ಟುವಷ್ಟರಲ್ಲಿ ಅದು ಪರಿಸರ ಉಳಿಸುವವರಿಗೂ ಕೆಡಿಸುವವರಿಗೂ ನಡೆದ ಜಗಳದ ರೂಪ ತಾಳಿರುತ್ತದೆ. ಆರ್ಥಿಕ ಸುಧಾರಣೆಯ ಸುದ್ದಿಯೋ ಬೇರೊಂದು ಪುಟದಲ್ಲಿ ಸಾಲ, ಕೊರತೆ, ಶೇಕಡಾವಾರು ಎಂಬ ಒಣ ಅಂಕಿಗಳಾಗಿ ಅಚ್ಚಾಗಿರುತ್ತದೆ. ನಿಜವಾಗಿ ಇವೆರಡೂ ಒಂದೇ ವಾದದ ಎರಡು ತುದಿಗಳು. ಕಲ್ಲಿದ್ದಲು, ಪೆಟ್ರೋಲು, ಅನಿಲಗಳಿಂದ ಬಿಡಿಸಿಕೊಳ್ಳಲು ಹಣ ಬೇಕು. ಆ ಹಣವನ್ನು ಸಾಲ ಮಾಡಿ ತರಬೇಕೇ, ತೆರಿಗೆ ಹಾಕಿ ತರಬೇಕೇ, ಮನೆಯ ಬಿಲ್ಲಿನಲ್ಲಿ ವಸೂಲು ಮಾಡಬೇಕೇ, ಗಡಿಯಾಚೆಯಿಂದ ಸರಕು ಕಳಿಸುವವನಿಗೆ ಹೊರಿಸಬೇಕೇ ಎಂಬುದೇ ಅಲ್ಲಿನ ರಾಜಕೀಯದ ತಿರುಳು. ಭೂಮಿ ಬಿಸಿಯಾಗುತ್ತಿದೆ ಎಂಬುದರಲ್ಲಿ ಅಲ್ಲಿನ ದೊಡ್ಡ ಪಕ್ಷಗಳಿಗೆ ಹೆಚ್ಚಿನ ಭಿನ್ನಮತವಿಲ್ಲ. ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬಲ್ಲಿ ಅವು ಒಡೆಯುತ್ತವೆ.

ಕೋಲಾರದಲ್ಲಿ ಭಾನುವಾರಗಳಂದು ಸೇರುವ ನಮ್ಮ ಓದು ಬಳಗದಲ್ಲಿ ಪದವಿ ವಿದ್ಯಾರ್ಥಿಗಳಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿದ್ದಾರೆ, ನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರೂ ಕೆ.ಜಿ.ಎಫ್.ನಿಂದ ಬರುವ ಹಿರಿಯರೂ ಇದ್ದಾರೆ. ಕೆಲವು ತಿಂಗಳು ನಾವು ಈ ಒಂದು ಚರ್ಚೆಯನ್ನೇ ಹಿಡಿದು ಓದಿದೆವು. ಮೊದಮೊದಲು ಪರ, ವಿರೋಧ ಎಂದು ಎರಡು ಸಾಲಾಗಿ ಕೂತು ವಾದಿಸಿ, ಏನೂ ತಿಳಿಯದೆ ಎದ್ದುಹೋಗುತ್ತಿದ್ದೆವು. ಆಮೇಲೆ ಕ್ರಮ ಬದಲಿಸಿದೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಬೇಕಾಗುವ ಸಾಮಗ್ರಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಮಾತ್ರ. ಪ್ರತಿ ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ: ಹೇಳಿದವರು ಯಾರು, ತೀರ್ಮಾನಿಸಬೇಕಾದವರು ಯಾರು, ಹಣ ಕೊಡಬೇಕಾದವರು ಯಾರು, ಯಾವಾಗ ಕೊಡಬೇಕು. ಯಾವುದೇ ಸುದ್ದಿ ಓದಿದರೂ ಅಭಿಪ್ರಾಯ ಕಟ್ಟಿಕೊಳ್ಳುವ ಮೊದಲು ಈ ನಾಲ್ಕನ್ನೂ ತುಂಬಿ. ತುಂಬಲಾಗದ ಅಂಕಣವನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ಆ ಖಾಲಿ ಜಾಗವೇ ಮುಂದಿನ ವಾರ ಏನನ್ನು ಹುಡುಕಬೇಕೆಂದು ಹೇಳುತ್ತದೆ.

ಮಾತಾಡಿದವರು ಯಾರೆಂದು ಗುರುತಿಸುವುದು

‘ಯುರೋಪ್ ತೀರ್ಮಾನಿಸಿತು’ ಎಂಬ ವಾಕ್ಯ ಕಂಡರೆ ಅಲ್ಲೇ ನಿಲ್ಲಿ. ಯುರೋಪಿಯನ್ ಒಕ್ಕೂಟದ 27 ದೇಶಗಳು ಒಂದೇ ಬಾಯಿಯಿಂದ ಮಾತಾಡುವುದಿಲ್ಲ. ಕಾನೂನಿನ ಕರಡನ್ನು ಮುಂದಿಡುವ ಅಧಿಕಾರ ಬ್ರಸೆಲ್ಸ್‌ನ ಯುರೋಪಿಯನ್ ಆಯೋಗಕ್ಕಿದೆ. ಆ ಕರಡನ್ನು ತಿದ್ದಿ ಒಪ್ಪಬೇಕಾದವರು ಇಬ್ಬರು: ಜನರು 5 ವರ್ಷಕ್ಕೊಮ್ಮೆ ನೇರವಾಗಿ ಆರಿಸುವ 720 ಸದಸ್ಯರ ಯುರೋಪಿಯನ್ ಸಂಸತ್ತು ಮತ್ತು ಆಯಾ ದೇಶಗಳ ಮಂತ್ರಿಗಳು ಕೂಡುವ ಮಂಡಳಿ. ಇವೆಲ್ಲಕ್ಕೂ ಮೇಲೆ ಪ್ರಧಾನಿಗಳೂ ಅಧ್ಯಕ್ಷರೂ ಸೇರುವ ಶೃಂಗಸಭೆಯಿದೆ. ಅದು ಕಾನೂನು ಮಾಡುವುದಿಲ್ಲ, ದಿಕ್ಕು ತೋರುತ್ತದೆ. ಆದ್ದರಿಂದ ಆಯೋಗ ಒಂದು ಪ್ರಸ್ತಾವ ಮಂಡಿಸಿದ ದಿನ ಪುಸ್ತಕದಲ್ಲಿ ‘ಕರಡು’ ಎಂದೇ ಬರೆಯಬೇಕು. 2035ರಿಂದ ಹೊಗೆಯುಗುಳುವ ಹೊಸ ಕಾರುಗಳ ಮಾರಾಟಕ್ಕೆ ತೆರೆ ಎಳೆಯುವ ನಿಯಮ 2023ರಲ್ಲಿ ಕಾನೂನಾಯಿತು. 2025ರ ಡಿಸೆಂಬರ್‌ನಲ್ಲಿ ಅದೇ ಆಯೋಗ ಹೊಗೆ ಕಡಿತದ ಆ ಗುರಿಯನ್ನು ಶೇ 100ರಿಂದ ಶೇ 90ಕ್ಕೆ ಇಳಿಸುವ ಪ್ರಸ್ತಾವ ಇಟ್ಟಿತು. ಇವೆರಡನ್ನೂ ಒಂದೇ ತೂಕದಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ.

ಮಂಡಳಿಯಲ್ಲಿ ಮತ ಎಣಿಸುವ ರೀತಿಯನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ಅನೇಕ ಒಗಟುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಹೆಚ್ಚಿನ ಪರಿಸರ ಕಾನೂನುಗಳಿಗೆ ಕನಿಷ್ಠ 15 ದೇಶಗಳು ಒಪ್ಪಬೇಕು, ಆ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ 65ರಷ್ಟಾದರೂ ಇರಬೇಕು. 2024ರ ಜೂನ್ 17ರಂದು ನಿಸರ್ಗ ಪುನಶ್ಚೇತನ ಕಾನೂನು ಗೆದ್ದಾಗ ಪರವಾಗಿ ನಿಂತ 20 ದೇಶಗಳ ಜನಸಂಖ್ಯೆ ಶೇ 66ರ ಆಸುಪಾಸಿನಲ್ಲಿತ್ತು. ಅಂದು ಆಸ್ಟ್ರಿಯದ ಪರಿಸರ ಸಚಿವೆ ಲಿಯೊನೊರ್ ಗೆವೆಸ್ಲರ್ ತಮ್ಮ ಸರ್ಕಾರದ ಮುಖ್ಯ ಪಕ್ಷದ ಇಚ್ಛೆಗೆ ವಿರುದ್ಧವಾಗಿ ಕೈ ಎತ್ತದಿದ್ದರೆ ಆ ಕಾನೂನು ಬಿದ್ದುಹೋಗುತ್ತಿತ್ತು. ಒಂದು ಇಡೀ ಖಂಡದ ನದಿ, ಜೌಗು, ಕಾಡುಗಳ ಭವಿಷ್ಯ ಒಬ್ಬ ಮಂತ್ರಿಯ ಕೈಯಲ್ಲಿ ತೂಗಾಡಿದ ಆ ಘಳಿಗೆಯನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಮರೆತಿಲ್ಲ.

ತೆರಿಗೆಯ ವಿಷಯ ಬಂದರೆ ಮಾತ್ರ ಈ ಎಣಿಕೆ ನಡೆಯುವುದಿಲ್ಲ. ಅಲ್ಲಿ 27 ದೇಶಗಳೂ ಒಪ್ಪಬೇಕು. ಒಂದು ದೇಶ ಬೇಡವೆಂದು ತಲೆ ಅಲ್ಲಾಡಿಸಿದರೂ ಸಾಕು, ಕರಡು ಮೂಲೆ ಸೇರುತ್ತದೆ. ಈ ಒಂದು ನಿಯಮ ಮುಂದಿನ ಕತೆಯನ್ನೆಲ್ಲ ತಿರುಗಿಸಿದೆ, ಆದ್ದರಿಂದ ಇದರ ಕೆಳಗೆ ಗೆರೆ ಎಳೆದಿಡಿ.

ಸಾಲದ ನಿಯಮವನ್ನು ಓದುವುದು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದನ್ನು ಯುರೋಪ್ 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಅಂಕಿಗಳಾಗಿ ಬರೆದಿಟ್ಟಿತು: ಸರ್ಕಾರದ ವಾರ್ಷಿಕ ಕೊರತೆ ಜಿಡಿಪಿಯ ಶೇ 3ನ್ನು ದಾಟಬಾರದು, ಒಟ್ಟು ಸಾಲ ಶೇ 60ನ್ನು ದಾಟಬಾರದು. ಕೋವಿಡ್ ಕಾಲದಲ್ಲಿ, 2020ರಿಂದ 2023ರವರೆಗೆ, ಈ ಕಟ್ಟುಪಾಡನ್ನು ಸಡಿಲಿಸಿದ್ದರು. 2024ರ ಏಪ್ರಿಲ್ ಕೊನೆಗೆ ತಿದ್ದಿದ ನಿಯಮಗಳು ಜಾರಿಗೆ ಬಂದವು. ಈಗ ಪ್ರತಿ ದೇಶವೂ 4 ವರ್ಷದ ಖರ್ಚಿನ ಯೋಜನೆ ಕೊಡಬೇಕು. ಸುಧಾರಣೆಗೂ ಹೂಡಿಕೆಗೂ ಮಾತುಕೊಟ್ಟರೆ ಅದನ್ನು 7 ವರ್ಷಕ್ಕೆ ಹಿಗ್ಗಿಸಿಕೊಳ್ಳಬಹುದು.

ಇಲ್ಲಿನ ಜಗಳವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸುವುದು ಕಷ್ಟವಲ್ಲ. ಜಾತ್ರೆಗೆಂದು ಮಾಡಿದ ಸಾಲವೂ ಕೆರೆಯ ಹೂಳೆತ್ತಲು ಮಾಡಿದ ಸಾಲವೂ ಬಡ್ಡಿಯವನ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ, ಆದರೆ ಮಾಡಿದವನ ಬದುಕಿನಲ್ಲಿ ಅವೆರಡೂ ಒಂದೇ ಅಲ್ಲ. ರೈಲುಹಾದಿ, ವಿದ್ಯುತ್ ಜಾಲ, ಮನೆಗಳಿಗೆ ಶಾಖ ಉಳಿಸುವ ಹೊದಿಕೆ ಮುಂತಾದ ಹಸಿರು ಹೂಡಿಕೆಯನ್ನು ಸಾಲದ ಮಿತಿಯಿಂದ ಹೊರಗಿಡಬೇಕೆಂದು ಒಂದು ಬಣ ಕೇಳುತ್ತದೆ. ಇನ್ನೊಂದು ಬಣ, ಮುಖ್ಯವಾಗಿ ಉತ್ತರದ ಮಿತವ್ಯಯಿ ದೇಶಗಳು, ಒಮ್ಮೆ ಬಾಗಿಲು ತೆರೆದರೆ ಎಲ್ಲ ಖರ್ಚಿಗೂ ಹಸಿರು ಬಣ್ಣ ಬಳಿಯುವವರು ಬರುತ್ತಾರೆ ಎನ್ನುತ್ತದೆ. ಎರಡನೆಯವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಒಂದು ಸಂಗತಿಯನ್ನು ಪುಸ್ತಕದಲ್ಲಿ ಬರೆಯದೆ ಬಿಡಲಾಗದು: 2025ರಲ್ಲಿ ರಕ್ಷಣಾ ವೆಚ್ಚಕ್ಕೆ ಜಿಡಿಪಿಯ ಶೇ 1.5ರವರೆಗೆ ವಿನಾಯಿತಿಯ ದಾರಿ ತೆರೆಯಿತು, ಹವಾಮಾನದ ಹೂಡಿಕೆಗೆ ಅಷ್ಟು ಅಗಲದ ದಾರಿ ತೆರೆದಿಲ್ಲ. ನಿಯಮ ಬಾಗಲಾರದು ಎಂದು ಯಾರಾದರೂ ಹೇಳಿದರೆ, ಯಾವುದಕ್ಕೆ ಬಾಗಿತು ಎಂದು ಕೇಳುವುದು ಓದುಗನ ಕೆಲಸ.

ಸಾಲದ ನಿಯಮ ಹೇಗೆ ಹೊಲದ ಟ್ರ್ಯಾಕ್ಟರ್‌ವರೆಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಜರ್ಮನಿಯ ಉದಾಹರಣೆಯನ್ನು ಹಂತಹಂತವಾಗಿ ಬರೆದು ನೋಡಿ. ನಮ್ಮ ಬಳಗಕ್ಕೆ ಪತ್ರಿಕೆಯ ಹವಾಮಾನದ ಪುಟಕ್ಕೂ ಸಾಲದ ಪುಟಕ್ಕೂ ಇರುವ ನಂಟು ಮೊದಲ ಬಾರಿಗೆ ಕಂಡದ್ದು ಇದರಿಂದಲೇ. ಆ ದೇಶ 2009ರಲ್ಲಿ ತನ್ನ ಸಂವಿಧಾನಕ್ಕೇ ಸಾಲದ ಕಡಿವಾಣ ಸೇರಿಸಿಕೊಂಡಿತು. ಕೋವಿಡ್‌ಗೆಂದು ಎತ್ತಿಟ್ಟು ಉಳಿದಿದ್ದ 6,000 ಕೋಟಿ ಯೂರೋ ಸಾಲದ ಅವಕಾಶವನ್ನು ಸರ್ಕಾರ ಹವಾಮಾನ ನಿಧಿಗೆ ವರ್ಗಾಯಿಸಿತು. 2023ರ ನವೆಂಬರ್ 15ರಂದು ಸಂವಿಧಾನ ನ್ಯಾಯಾಲಯ ಆ ವರ್ಗಾವಣೆ ಸಲ್ಲದು ಎಂದಿತು. ಬಜೆಟ್‌ನಲ್ಲಿ ಹೊಂಡ ಬಿತ್ತು. ಹೊಂಡ ತುಂಬಲು ಸರ್ಕಾರ ರೈತರ ಡೀಸೆಲ್ ರಿಯಾಯಿತಿಗೆ ಕೈ ಹಾಕಿತು. 2024ರ ಜನವರಿಯಲ್ಲಿ ಬರ್ಲಿನ್‌ನ ಬೀದಿಗಳಲ್ಲಿ ಟ್ರ್ಯಾಕ್ಟರ್‌ಗಳು ನಿಂತವು. ಆ ವರ್ಷದ ನವೆಂಬರ್‌ನಲ್ಲಿ ಬಜೆಟ್ಟಿನ ಜಗಳದಲ್ಲೇ ಮೂರು ಪಕ್ಷಗಳ ಮೈತ್ರಿ ಸರ್ಕಾರ ಮುರಿದುಬಿತ್ತು. 2025ರ ಮಾರ್ಚ್‌ನಲ್ಲಿ ಸಂವಿಧಾನವನ್ನೇ ತಿದ್ದಿ 50,000 ಕೋಟಿ ಯೂರೋಗಳ ಮೂಲಸೌಕರ್ಯ ನಿಧಿ ಮಾಡಿಕೊಂಡರು. ಅದರಲ್ಲಿ 10,000 ಕೋಟಿ ಹವಾಮಾನದ ಕೆಲಸಕ್ಕೆ. ಟ್ರ್ಯಾಕ್ಟರ್‌ಗಳ ಚಿತ್ರ ಮಾತ್ರ ನೋಡಿದವರು ‘ರೈತರು ಹವಾಮಾನ ನೀತಿಯ ವಿರುದ್ಧ ಎದ್ದರು’ ಎಂದು ತೀರ್ಮಾನಿಸಿದರು. ಸರಪಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅದರ ಮೊದಲ ಕೊಂಡಿ ಒಂದು ಸಾಲದ ನಿಯಮ.

ಇಡೀ ಒಕ್ಕೂಟ ಒಟ್ಟಾಗಿ ಸಾಲ ಮಾಡಿದ್ದೂ ಇದೆ. 2020ರ ಜುಲೈನಲ್ಲಿ ನಾಲ್ಕು ಹಗಲು ನಾಲ್ಕು ರಾತ್ರಿ ಜಗ್ಗಾಡಿದ ಮೇಲೆ 75,000 ಕೋಟಿ ಯೂರೋಗಳ ಕೋವಿಡ್ ಚೇತರಿಕೆ ನಿಧಿಗೆ ಒಪ್ಪಿದರು. ಆ ಸಾಲ ತೀರುವುದು 2058ರ ಹೊತ್ತಿಗೆ. ‘ಯಾವಾಗ ಕೊಡಬೇಕು’ ಎಂಬ ಅಂಕಣದಲ್ಲಿ ಈ ಇಸವಿಯನ್ನು ಬರೆದುಕೊಳ್ಳಿ, ಇದು ಮತ್ತೆ ಬೇಕಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಕೇಂದ್ರ ಬ್ಯಾಂಕಿನ ಹಿಂದಿನ ಅಧ್ಯಕ್ಷ ಮಾರಿಯೊ ಡ್ರಾಗಿ ಸ್ಪರ್ಧಾತ್ಮಕತೆಯ ಬಗ್ಗೆ ವರದಿ ಕೊಟ್ಟರು. ಯುರೋಪ್ ಹಿಂದೆ ಬೀಳದಿರಬೇಕಾದರೆ ವರ್ಷಕ್ಕೆ 75,000ದಿಂದ 80,000 ಕೋಟಿ ಯೂರೋ ಹೆಚ್ಚುವರಿ ಹೂಡಿಕೆ ಬೇಕು ಎಂಬುದು ಅದರ ಎದ್ದುಕಾಣುವ ಅಂಕಿ. ಹೂಡಿಕೆ ಬೇಕೆಂದು ಎಲ್ಲರೂ ಆ ವರದಿಯನ್ನು ಹೊಗಳಿದರು. ಅದಕ್ಕೆ ಮತ್ತೆ ಜಂಟಿ ಸಾಲ ಬೇಕಾಗಬಹುದು ಎಂದು ಅದರಲ್ಲಿದ್ದ ಮಾತಿಗೆ ಬಂದಾಗ ಜರ್ಮನಿಯ ಅಂದಿನ ಹಣಕಾಸು ಸಚಿವರು ಒಪ್ಪಲಿಲ್ಲ.

ಇಂಗಾಲದ ಬೆಲೆಯನ್ನು ಕೈಯಾರೆ ಲೆಕ್ಕ ಹಾಕುವುದು

1992ರಲ್ಲಿ ಆಯೋಗ ಇಂಗಾಲ ಮತ್ತು ಇಂಧನದ ಮೇಲೆ ತೆರಿಗೆಯೊಂದನ್ನು ಮುಂದಿಟ್ಟಿತ್ತು. ಮೇಲೆ ಗೆರೆ ಎಳೆದಿಟ್ಟ ನಿಯಮವನ್ನು ನೆನೆಯಿರಿ: ತೆರಿಗೆಗೆ ಎಲ್ಲರ ಒಪ್ಪಿಗೆ ಬೇಕು. ಅದು ಸಿಗಲಿಲ್ಲ. ತೆರಿಗೆಯ ದಾರಿ ಮುಚ್ಚಿದ ಮೇಲೆ ಮಾರುಕಟ್ಟೆಯ ದಾರಿ ಹಿಡಿದು 2005ರಲ್ಲಿ ಹೊರಸೂಸುವಿಕೆ ಪರವಾನಗಿಗಳ ವ್ಯಾಪಾರ ವ್ಯವಸ್ಥೆಯನ್ನು ಆರಂಭಿಸಿದರು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಡಬೇಕಾದರೆ ಕಾರ್ಖಾನೆಯ ಕೈಯಲ್ಲಿ ಒಂದು ಪರವಾನಗಿ ಇರಬೇಕು. ಒಟ್ಟು ಪರವಾನಗಿಗಳ ಸಂಖ್ಯೆ ವರ್ಷ ವರ್ಷಕ್ಕೆ ಇಳಿಯುತ್ತದೆ. ಕಡಿಮೆ ಬಿಟ್ಟವರು ಉಳಿದದ್ದನ್ನು ಮಾರಬಹುದು. ಮೊದಲು ಪರವಾನಗಿಗಳನ್ನು ಧಾರಾಳವಾಗಿ ಹಂಚಿದ್ದರಿಂದ ಬೆಲೆ ಹಲವು ವರ್ಷ 10 ಯೂರೋಗಿಂತ ಕೆಳಗೇ ಮಲಗಿತ್ತು. ಬಿಗಿ ಮಾಡಿದ ಮೇಲೆ 2023ರ ಫೆಬ್ರುವರಿಯಲ್ಲಿ ಅದು 100 ಯೂರೋ ದಾಟಿತು.

ಬೆಲೆ ಏರಿದೊಡನೆ ಉಕ್ಕಿನ ಕಾರ್ಖಾನೆಗಳು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ನಾವು ಇಂಗಾಲಕ್ಕೆ ಹಣ ಕೊಡಬೇಕು, ಹೊರಗಿನಿಂದ ಬರುವ ಉಕ್ಕಿಗೆ ಆ ಹೊರೆಯಿಲ್ಲ, ಹಾಗಿದ್ದರೆ ಕಾರ್ಖಾನೆಯೂ ಹೊಗೆಯೂ ಬೇರೆ ದೇಶಕ್ಕೆ ಹೋಗುವುದಿಲ್ಲವೇ? ಅದುವರೆಗೆ ಅವರಿಗೆ ಉಚಿತ ಪರವಾನಗಿ ಕೊಟ್ಟು ಸಮಾಧಾನ ಮಾಡಿದ್ದರು. ಈಗ ಉಚಿತವನ್ನು ಮೆಲ್ಲಗೆ ಹಿಂತೆಗೆದು, ಅಷ್ಟೇ ಪ್ರಮಾಣದಲ್ಲಿ ಆಮದಿನ ಮೇಲೆ ಇಂಗಾಲದ ಶುಲ್ಕ ಹಾಕುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಸಿಬಿಎಎಂ ಎಂಬ ಅಕ್ಷರಗಳಲ್ಲಿ ಬರುವ ಗಡಿ ಇಂಗಾಲ ಶುಲ್ಕ ಇದೇ. ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಜಲಜನಕ, ವಿದ್ಯುತ್ತು ಇದರ ವ್ಯಾಪ್ತಿಗೆ ಬರುತ್ತವೆ. 2023ರ ಅಕ್ಟೋಬರ್‌ನಿಂದ 2025ರ ಕೊನೆಯವರೆಗೆ ಲೆಕ್ಕ ಒಪ್ಪಿಸುವುದಷ್ಟೇ ಇತ್ತು. 2026ರ ಜನವರಿ 1ರಿಂದ ಹಣದ ಬಾಧ್ಯತೆ ಶುರುವಾಗಿದೆ.

ಇಲ್ಲಿ ಓದುವುದನ್ನು ನಿಲ್ಲಿಸಿ ಪೆನ್ನು ಹಿಡಿಯಿರಿ. ಊದುಕುಲುಮೆಯಲ್ಲಿ ಅದಿರಿನಿಂದ ಒಂದು ಟನ್ ಉಕ್ಕು ತೆಗೆದರೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪರವಾನಗಿಯ ಬೆಲೆಯನ್ನು ಲೆಕ್ಕದ ಅನುಕೂಲಕ್ಕೆ 80 ಯೂರೋ ಎಂದಿಟ್ಟುಕೊಳ್ಳಿ. ಪೂರ್ತಿ ಶುಲ್ಕ ಬಿದ್ದರೆ ಟನ್ನಿಗೆ 160 ಯೂರೋ ಆಯಿತು. ಆದರೆ ಪೂರ್ತಿ ಒಮ್ಮೆಗೇ ಬೀಳುವುದಿಲ್ಲ. ವೇಳಾಪಟ್ಟಿಯ ಪ್ರಕಾರ 2026ರಲ್ಲಿ ಅದರ ಶೇ 2.5, 2028ರಲ್ಲಿ ಶೇ 10, 2030ರಲ್ಲಿ ಶೇ 48.5, 2034ರಲ್ಲಿ ಶೇ 100. ಅಂದರೆ ಟನ್ನಿಗೆ ಈಗ ಸುಮಾರು 4 ಯೂರೋ, 2028ರಲ್ಲಿ 16, 2030ರಲ್ಲಿ 77 ದಾಟಿ, 2034ರಲ್ಲಿ 160. ನಿಜವಾದ ಲೆಕ್ಕದಲ್ಲಿ ಉಚಿತ ಪರವಾನಗಿಯ ಮಾನದಂಡಗಳು ಸೇರಿ ಅಂಕಿ ಸ್ವಲ್ಪ ಬದಲಾಗುತ್ತದೆ, ಏರಿಕೆಯ ಕಡಿದಾದ ಬಗೆ ಮಾತ್ರ ಇದೇ. ‘ಈ ವರ್ಷ ಏನೂ ಆಗಲಿಲ್ಲ, ಸುಮ್ಮನೆ ಹೆದರಿಸಿದರು’ ಎನ್ನುವವರಿಗೆ 2030ರ ಸಾಲನ್ನು ತೋರಿಸಿ.

ತುಮಕೂರಿನ ವಸಂತನರಸಾಪುರದಲ್ಲೋ ನಮ್ಮ ನರಸಾಪುರ, ವೇಮಗಲ್‌ಗಳಲ್ಲೋ ಬೋಲ್ಟು, ನಟ್ಟು, ಸ್ಕ್ರೂ ಮಾಡಿ ಯುರೋಪಿಗೆ ಕಳಿಸುವ ಘಟಕವಿದ್ದರೆ ಈ ಪುಟ ಅವರಿಗೂ ಸೇರಿದ್ದು, ಏಕೆಂದರೆ ಆ ವಸ್ತುಗಳೂ ಪಟ್ಟಿಯಲ್ಲಿವೆ. ಕಾನೂನಿನ ಪ್ರಕಾರ ಹಣ ಕಟ್ಟುವವನು ಅಲ್ಲಿನ ಆಮದುದಾರ. ಆದರೆ ಅವನು ಇಲ್ಲಿನ ಘಟಕದಿಂದ ಪ್ರತಿ ಟನ್ನಿನ ಇಂಗಾಲದ ಲೆಕ್ಕ ಕೇಳುತ್ತಾನೆ. ಲೆಕ್ಕ ಕೊಡಲಾಗದಿದ್ದರೆ ನಿಗದಿತ ಅಂದಾಜು ಅಂಕಿ ಹಿಡಿಯಬೇಕಾಗುತ್ತದೆ, ಅದು ಸಾಮಾನ್ಯವಾಗಿ ಮಾರುವವನಿಗೆ ನಷ್ಟದ ಅಂಕಿ. ಆದ್ದರಿಂದ ಸಣ್ಣ ಘಟಕದವರು ಮಾಡಬೇಕಾದ ಮೊದಲ ಕೆಲಸ ತಮ್ಮ ಕರೆಂಟಿನ ಬಿಲ್ಲು, ಕುಲುಮೆಯ ಇಂಧನದ ರಸೀದಿ, ಕಚ್ಚಾ ಉಕ್ಕು ತಂದ ಕಡೆಯ ದಾಖಲೆಗಳನ್ನು ತಿಂಗಳುವಾರು ಜೋಡಿಸಿಡುವುದು. ಕೊಳ್ಳುವ ಆಮದುದಾರ ಇಂಥ ಸರಕನ್ನು ವರ್ಷಕ್ಕೆ ಒಟ್ಟು 50 ಟನ್ನಿನೊಳಗೆ ತರಿಸುವವನಾದರೆ ಅವನಿಗೆ ವಿನಾಯಿತಿಯಿದೆ. ಆ ಮಿತಿ ನೀವು ಕಳಿಸಿದ್ದಕ್ಕಷ್ಟೇ ಅಲ್ಲ, ಅವನು ಎಲ್ಲರಿಂದ ತರಿಸಿದ್ದಕ್ಕೆ ಎಂಬುದನ್ನು ಮರೆಯಬೇಡಿ.

ಈ ಶುಲ್ಕದ ಬಗ್ಗೆ ಭಾರತದ ಆಕ್ಷೇಪಣೆಯನ್ನೂ ಅದೇ ಪುಟದಲ್ಲಿ, ಅದರ ಬಲವಾದ ರೂಪದಲ್ಲಿ ಬರೆಯಿರಿ. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದವು ಹೊಣೆ ಎಲ್ಲರದೂ ಹೌದು, ಆದರೆ ಸಮನಲ್ಲ ಎಂದು ಒಪ್ಪಿಕೊಂಡಿತ್ತು. ಎರಡು ಶತಮಾನ ಕಲ್ಲಿದ್ದಲು ಸುಟ್ಟು ಬೆಳೆದವರೂ ಈಗ ಬೆಳೆಯುತ್ತಿರುವವರೂ ಟನ್ನಿಗೆ ಒಂದೇ ಬೆಲೆ ತೆರಬೇಕೆನ್ನುವುದು ಆ ಮಾತಿಗೆ ಹೊಂದುವುದಿಲ್ಲ. ಜೊತೆಗೆ, ವಸೂಲಾದ ಹಣದ ಬಹುಪಾಲನ್ನು ಒಕ್ಕೂಟದ ಸ್ವಂತ ಆದಾಯಕ್ಕೆ ಸೇರಿಸಿಕೊಳ್ಳುವ ಪ್ರಸ್ತಾವವಿದೆ. 2058ರವರೆಗೆ ತೀರಿಸಬೇಕಾದ ಸಾಲವನ್ನು ನೆನಪಿಸಿಕೊಂಡರೆ ಆ ಪ್ರಸ್ತಾವದ ಅರ್ಥ ಬಿಚ್ಚಿಕೊಳ್ಳುತ್ತದೆ. ಯುರೋಪಿನ ಚೇತರಿಕೆಯ ಸಾಲಕ್ಕೆ ಇಲ್ಲಿನ ಕುಲುಮೆಯ ಪಾಲೂ ಸಲ್ಲುವಂತಾಗುತ್ತದೆ. ಆ ಹಣ ಬಡ ದೇಶಗಳ ಕುಲುಮೆಗಳನ್ನು ಶುದ್ಧಗೊಳಿಸಲು ಮರಳಿದ್ದರೆ ನಾನು ಈ ಶುಲ್ಕವನ್ನು ಎರಡೂ ಕೈ ಎತ್ತಿ ಬೆಂಬಲಿಸುತ್ತಿದ್ದೆ. ಮರಳದಿರುವವರೆಗೆ ನನ್ನ ಬೆಂಬಲ ಅರ್ಧವೇ.

ಹೊರೆ ಹೊರಗಿನವರ ಮೇಲಷ್ಟೇ ಬೀಳುತ್ತದೆ ಎಂದುಕೊಳ್ಳುವುದೂ ತಪ್ಪು. ಫ್ರಾನ್ಸಿನಲ್ಲಿ 2018ರ ನವೆಂಬರ್‌ನಲ್ಲಿ ಹಳದಿ ಅಂಗಿ ತೊಟ್ಟ ಪ್ರತಿಭಟನಕಾರರು ರಸ್ತೆಗಿಳಿದದ್ದು ಇಂಧನದ ಮೇಲಿನ ತೆರಿಗೆಯ ವಿರುದ್ಧ. ಮುಳಬಾಗಿಲಿನಿಂದ ನರಸಾಪುರಕ್ಕೆ ದಿನವೂ ಬೈಕಿನಲ್ಲಿ ಹೋಗಿಬರುವವನಿಗೆ ಪೆಟ್ರೋಲು ದುಬಾರಿಯಾದರೆ ಮೆಟ್ರೊ ಹತ್ತಿಕೋ ಎನ್ನಲಾದೀತೇ? ಅಲ್ಲಿನ ಸಣ್ಣ ಊರಿನವರೂ ಅದನ್ನೇ ಕೇಳಿದರು. ಅದೇ ವರ್ಷ ಅಲ್ಲಿನ ಸರ್ಕಾರ ಸಿರಿವಂತರ ಸಂಪತ್ತಿನ ತೆರಿಗೆಯನ್ನು ಕಿರಿದುಗೊಳಿಸಿತ್ತು ಎಂಬುದು ಅವರ ಸಿಟ್ಟಿಗೆ ತುಪ್ಪ ಸುರಿಯಿತು. ಆ ನೆನಪು ಇನ್ನೂ ಹಸಿಯಾಗಿದೆ. ಮನೆ ಬಿಸಿಮಾಡುವ ಇಂಧನಕ್ಕೂ ವಾಹನಗಳಿಗೂ ಇಂಗಾಲದ ಬೆಲೆ ಹಚ್ಚುವ ಎರಡನೆಯ ವ್ಯವಸ್ಥೆ 2027ಕ್ಕೆ ಬರಬೇಕಿತ್ತು. 2025ರ ಕೊನೆಯಲ್ಲಿ ಅದನ್ನು 2028ಕ್ಕೆ ಮುಂದೂಡಲು ಒಪ್ಪಿದರು. 2040ರೊಳಗೆ ಹೊರಸೂಸುವಿಕೆಯನ್ನು 1990ರ ಮಟ್ಟದಿಂದ ಶೇ 90ರಷ್ಟು ಇಳಿಸುವ ಗುರಿಗೆ ಒಪ್ಪಂದವಾದದ್ದೂ ಅದೇ ಮಾತುಕತೆಯಲ್ಲಿ. ಗುರಿ ಎತ್ತರಿಸಿದವರೇ ಬಿಲ್ಲನ್ನು ಮುಂದೂಡಿದರು; ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಮಾತ್ರ ಆ ಒಪ್ಪಂದ ಏನೆಂದು ತಿಳಿಯುತ್ತದೆ.

ಗಣಿ ಮುಚ್ಚುವ ಮಾತನ್ನು ಕೆ.ಜಿ.ಎಫ್. ಕಣ್ಣಿನಿಂದ ಓದುವುದು

ಈ ಚರ್ಚೆಯ ಒಂದು ಭಾಗವನ್ನು ಅರ್ಥಮಾಡಿಕೊಳ್ಳಲು ಕೋಲಾರ ಜಿಲ್ಲೆಯವರಿಗೆ ಯಾವ ಪಾಠವೂ ಬೇಕಿಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. 1902ರಲ್ಲೇ ಶಿವನಸಮುದ್ರದ ನೀರಿನಿಂದ ಮಾಡಿದ ವಿದ್ಯುತ್ತು ತಲುಪಿದ್ದ ಊರು ಅದು. ಗಣಿ ನಿಂತ ಮೇಲೆ ಊರಿನ ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಬದುಕಿಗೆ ಒಗ್ಗಿಕೊಳ್ಳಬೇಕಾಯಿತು. ಸೈನೈಡ್ ದಿಬ್ಬಗಳು ಇಂದಿಗೂ ಹಾಗೇ ನಿಂತಿವೆ. ಚಿನ್ನ ಮುಗಿದದ್ದು ಹವಾಮಾನ ನೀತಿಯಿಂದಲ್ಲ ನಿಜ. ತೆಗೆಯುವ ಖರ್ಚು ಸಿಗುವ ಬೆಲೆಯನ್ನು ಮೀರಿದ್ದರಿಂದ. ಆದರೆ ಒಂದು ಊರಿನ ಒಂದೇ ಕಸುಬು ನಿಂತಾಗ ಏನಾಗುತ್ತದೆ ಎಂಬುದು ಕಾರಣ ಯಾವುದಾದರೂ ಒಂದೇ.

ಈ ಕಣ್ಣಿಟ್ಟುಕೊಂಡು ಯುರೋಪಿನ ಮೂರು ಗಣಿ ಸೀಮೆಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಪಶ್ಚಿಮ ಜರ್ಮನಿಯ ರೂರ್ ಸೀಮೆಯಲ್ಲಿ ಸಹಾಯಧನದ ಕಲ್ಲಿದ್ದಲು ಗಣಿಗಾರಿಕೆಯನ್ನು ನಿಲ್ಲಿಸುವ ತೀರ್ಮಾನ 2007ರಲ್ಲಿ ಆಯಿತು, ಕೊನೆಯ ಗಣಿ ಬಾಟ್ರಪ್‌ನಲ್ಲಿ ಮುಚ್ಚಿದ್ದು 2018ರ ಡಿಸೆಂಬರ್‌ನಲ್ಲಿ. ನಡುವೆ 11 ವರ್ಷ ಸಿಕ್ಕಿತು. ಅವಧಿಗೆ ಮುಂಚಿನ ನಿವೃತ್ತಿ, ಬೇರೆ ಕೆಲಸದ ತರಬೇತಿಗಳ ಮೂಲಕ, ಬಲವಂತವಾಗಿ ಯಾರನ್ನೂ ಮನೆಗೆ ಕಳಿಸದಂತೆ ಮುಗಿಸಿದರು. ಪೂರ್ವ ಜರ್ಮನಿಯ ಲಾಸಿಟ್ಸ್ ಸೀಮೆಗೆ ಆ ಕಾಲಾವಕಾಶ ಸಿಗಲಿಲ್ಲ. 1990ರಲ್ಲಿ ದೇಶ ಒಂದಾದ ಮೇಲಿನ ಕೆಲವೇ ವರ್ಷಗಳಲ್ಲಿ ಕಂದು ಕಲ್ಲಿದ್ದಲಿನ ಕೆಲಸಗಳ ಬಹುಪಾಲು ಕರಗಿತು, ಯುವಕರು ಊರು ಬಿಟ್ಟರು. ಉಳಿದ ಗಣಿ, ಸ್ಥಾವರಗಳನ್ನು 2038ರೊಳಗೆ ಮುಚ್ಚುವ ಕಾನೂನು 2020ರಲ್ಲಿ ಬಂದಾಗ, ಅದರೊಂದಿಗೆ ಕಲ್ಲಿದ್ದಲು ಸೀಮೆಗಳಿಗೆ 4,000 ಕೋಟಿ ಯೂರೋವರೆಗೆ ನೆರವನ್ನೂ ಘೋಷಿಸಿದರು. ಆದರೂ ಹವಾಮಾನ ನೀತಿಯನ್ನು ವಿರೋಧಿಸುವ ಎ.ಎಫ್‌.ಡಿ. ಪಕ್ಷಕ್ಕೆ ಅತಿ ಹೆಚ್ಚು ಮತ ಬೀಳುವ ಸೀಮೆಗಳಲ್ಲಿ ಅದೂ ಒಂದು. ಮೂರನೆಯದು ಪೋಲೆಂಡಿನ ಸೈಲೀಸಿಯಾ. ಅಲ್ಲಿ 2021ರಲ್ಲಿ ಸರ್ಕಾರ ಕಾರ್ಮಿಕ ಸಂಘಗಳ ಜೊತೆ ಕೂತು, ಗಣಿಗಳನ್ನು 2049ರವರೆಗೆ ಒಂದೊಂದಾಗಿ ಮುಚ್ಚುವ ಒಪ್ಪಂದ ಮಾಡಿಕೊಂಡಿತು.

ನಮ್ಮ ಬಳಗದಲ್ಲಿ ಗಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಈ ಮೂರನ್ನೂ ಕೇಳಿ, ಹಣ ಎಷ್ಟು ಎಂದು ಕೇಳಲಿಲ್ಲ; ‘ಎಷ್ಟು ವರ್ಷ ಮೊದಲು ಹೇಳಿದರು?’ ಎಂದು ಕೇಳಿದರು. ನಮ್ಮ ನಾಲ್ಕು ಅಂಕಣಗಳಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಅಂದಿನಿಂದ ಐದನೆಯ ಅಂಕಣ ಸೇರಿಸಿದ್ದೇವೆ: ಎಷ್ಟು ಮೊದಲು ಹೇಳಿದರು. ಕಲ್ಲಿದ್ದಲು ಬಿಡುವ ಸೀಮೆಗಳಿಗೆ ನೆರವಾಗುವ ಒಕ್ಕೂಟದ ನ್ಯಾಯಯುತ ಪರಿವರ್ತನೆ ನಿಧಿಗೆ 1,750 ಕೋಟಿ ಯೂರೋ ಇಟ್ಟಿದ್ದಾರೆ ಎಂಬ ಸುದ್ದಿಯನ್ನು ಓದುವಾಗ ಮೊತ್ತಕ್ಕಿಂತ ಮೊದಲು ಈ ಐದನೆಯ ಅಂಕಣವನ್ನು ತುಂಬಲು ನೋಡಿ. ರೂರ್‌ಗೂ ಲಾಸಿಟ್ಸ್‌ಗೂ ಇರುವ ವ್ಯತ್ಯಾಸ ಹೆಚ್ಚಾಗಿ ಅಲ್ಲಿದೆ ಎಂದೇ ನನ್ನ ತಿಳಿವಳಿಕೆ.

ಒಟ್ಟಿಗೆ ಕೂತು ಚರ್ಚಿಸುವುದು

ಒಬ್ಬರೇ ಓದುವುದಕ್ಕಿಂತ ಏಳೆಂಟು ಜನ ಸೇರಿ ಓದುವುದು ಲೇಸು. ಪರ, ವಿರೋಧ ಎಂದು ಹಂಚಬೇಡಿ, ಪಾತ್ರ ಹಂಚಿ. ಒಬ್ಬರು ಸಾಲ ತೀರಿಸುವ ಹೊಣೆ ಹೊತ್ತ ಡಚ್ ಹಣಕಾಸು ಸಚಿವರಾಗಲಿ, ಒಬ್ಬರು ಸೈಲೀಸಿಯಾದ ಗಣಿ ಕಾರ್ಮಿಕರಾಗಲಿ, ಒಬ್ಬರು ಫ್ರಾನ್ಸಿನ ಸಣ್ಣ ಊರಿನಿಂದ ಕಾರಿನಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೋಗುವ ದಾದಿಯಾಗಲಿ, ಒಬ್ಬರು ಜರ್ಮನಿಯ ಉಕ್ಕಿನ ಕಾರ್ಖಾನೆಯವರಾಗಲಿ, ಒಬ್ಬರು ವಸಂತನರಸಾಪುರದ ಬೋಲ್ಟು ಘಟಕದವರಾಗಲಿ, ಒಬ್ಬರು 2058ರಲ್ಲಿ ತೆರಿಗೆ ಕಟ್ಟಲಿರುವ ಇಂದಿನ ಮಗುವಾಗಲಿ. ಮಗುವಿನ ಪಾತ್ರವನ್ನು ಗುಂಪಿನಲ್ಲಿ ಅತಿ ಚೆನ್ನಾಗಿ ಮಾತಾಡುವವರಿಗೆ ಕೊಡಿ, ಏಕೆಂದರೆ ನಿಜವಾದ ಸಭೆಯಲ್ಲಿ ಅದರ ಪರ ಮಾತಾಡುವವರು ಕಡಿಮೆ. ಪ್ರತಿಯೊಬ್ಬರೂ ತಮ್ಮ ಮಾತಿಗೆ ಮೊದಲು ಹಿಂದೆ ಮಾತಾಡಿದವರ ವಾದವನ್ನು ಅವರೇ ಒಪ್ಪುವಂತೆ ತಿರುಗಿ ಹೇಳಬೇಕು ಎಂಬ ಒಂದು ನಿಯಮ ಸಾಕು. ಇದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ.

ಮೂರು ಪದಗಳು ಬಂದಾಗ ಚರ್ಚೆಯನ್ನು ತಡೆದು ಅರ್ಥ ಕೇಳಿ. ‘ಸರಳೀಕರಣ’ ಎಂದರೆ ಅರ್ಜಿಯ ಪುಟ ಕಡಿಮೆಯಾಯಿತೇ, ಹೊಣೆಯೇ ಕಡಿಮೆಯಾಯಿತೇ? 50 ಟನ್ನಿನ ಮಿತಿ ಮೊದಲ ಬಗೆಯದು, ಏಕೆಂದರೆ ಸಣ್ಣ ಆಮದುದಾರರು ಹೊರಗುಳಿದರೂ ಇಂಗಾಲದ ಶೇ 99ರಷ್ಟು ಲೆಕ್ಕದೊಳಗೇ ಉಳಿಯುತ್ತದೆಂದು ಆಯೋಗ ಹೇಳಿತು. ಎಲ್ಲ ಸರಳೀಕರಣಗಳೂ ಹಾಗಿಲ್ಲ. ‘ಸ್ಪರ್ಧಾತ್ಮಕತೆ’ ಎಂದರೆ ಯಾರೊಡನೆ, ಯಾವ ವಿಷಯದಲ್ಲಿ? ಡ್ರಾಗಿ ವರದಿಯ ಪ್ರಕಾರ ಯುರೋಪಿನ ಕಂಪನಿಗಳಿಗೆ ವಿದ್ಯುತ್ತು ಅಮೆರಿಕಕ್ಕಿಂತ ಎರಡು ಮೂರು ಪಟ್ಟು ದುಬಾರಿ. ಅದಕ್ಕೆ ಹವಾಮಾನ ಕಾನೂನು ಎಷ್ಟು ಕಾರಣ, 2021ರಲ್ಲಿ ಆಮದು ಅನಿಲದ ಸುಮಾರು ಶೇ 45ಕ್ಕೆ ರಷ್ಯವನ್ನೇ ನಂಬಿದ್ದು ಎಷ್ಟು ಕಾರಣ ಎಂದು ಬಿಡಿಸಿ ನೋಡದೆ ಆ ಅಂಕಿಯನ್ನು ಯಾರ ಪರವಾಗಿಯೂ ಬಳಸಬಾರದು. ‘ನ್ಯಾಯಯುತ’ ಎಂದರೆ ಯಾರಿಗೆ?

ಚರ್ಚೆಯ ಕೊನೆಯ ಅರ್ಧ ಗಂಟೆಯನ್ನು ನಮ್ಮ ಸೀಮೆಯ ಒಂದು ಸಂಗತಿಗೆ ಮೀಸಲಿಡಿ, ಅದೇ ಅಂಕಣಗಳಲ್ಲಿ ಬರೆಯಿರಿ. ನಾವು ಮೊದಲು ಬರೆದದ್ದು ಪಾವಗಡದ ಸೌರ ಪಾರ್ಕಿನ ಪುಟ. 2,050 ಮೆಗಾವಾಟ್, ಸುಮಾರು 13,000 ಎಕರೆ, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಭೂಮಿ. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಸುವ ಕರಾರು ಮಾಡಿದ್ದು ಅದರ ದೊಡ್ಡ ಗುಣ. ಮಳೆ ಕೈಕೊಡುವ ನೆಲದಲ್ಲಿ ಭೂಮಿಯಿದ್ದವರಿಗೆ ಅದೊಂದು ಖಚಿತ ಆದಾಯ. ‘ಹಣ ಕೊಡಬೇಕಾದವರು’ ಎಂಬ ಅಂಕಣಕ್ಕೆ ಬಂದಾಗ ಒಬ್ಬ ವಿದ್ಯಾರ್ಥಿನಿ, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದವರನ್ನು ಎಲ್ಲಿ ಬರೆಯುವುದು ಎಂದು ಕೇಳಿದಳು. ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಕೂಲಿಯವರ ಹೆಸರು ಪಹಣಿಯಲ್ಲಿಲ್ಲ. ಅವರನ್ನು ಮೂರನೆಯ ಅಂಕಣದಲ್ಲಿ ಬರೆದೆವು. ಐದನೆಯ ಅಂಕಣ ಆ ಪುಟದಲ್ಲಿ ಇನ್ನೂ ಖಾಲಿಯಿದೆ. ಅದನ್ನು ತುಂಬಲು ಬರುವ ತಿಂಗಳು ನಾಲ್ವರು ತಿರುಮಣಿಗೆ ಹೋಗುವವರಿದ್ದಾರೆ.